ಸೂಪಿನ ಪೊಟ್ಟಣದ ಮೇಲಿನ ಕೈ

ಆ ಕೈಯನ್ನು ನೀವು ನೋಡಿರುತ್ತೀರಿ. ಅಂಗಡಿಯಲ್ಲಿ ಸೂಪಿನ ಪೊಟ್ಟಣಗಳ ಮುಂದೆ ಒಂದು ಗಳಿಗೆ ನಿಂತಿದ್ದರೂ ಸಾಕು, ನೋಡಿಯೇ ಇರುತ್ತೀರಿ. ಪಾತ್ರೆಯ ಮುಚ್ಚಳ ಎತ್ತುತ್ತಿರುವ ಒಬ್ಬ ಹೆಂಗಸಿನ ಬಲಗೈ. ತುಂಬಿಕೊಂಡ ಬೆರಳುಗಳು, ಒಪ್ಪವಾಗಿ ಕತ್ತರಿಸಿದ ಉಗುರು, ಒಂದು ಸಾದಾ ಉಂಗುರ, ಸುತ್ತ ತೆಳ್ಳನೆಯ ಹಬೆ. ಕೆಳಗೆ ದಪ್ಪ ಅಕ್ಷರದಲ್ಲಿ 'ಅಮ್ಮ ಮಾಡಿದ ಹಾಗೆ' ಎಂದು ಬರೆದಿರುತ್ತದೆ. ಉಂಗುರ ಕಂಪನಿಯದು. ಸೂಪು ಕಾರ್ಖಾನೆಯದು. ಕೈ ಮಾತ್ರ ನಿಜಕ್ಕೂ ಒಬ್ಬ ಅಮ್ಮನದು, ಆ ಅಮ್ಮನಿಗೆ ಒಂದು ಲೋಟ ನೀರು ಕಾಯಿಸಿಯೂ ಅಭ್ಯಾಸವಿಲ್ಲ.

ನಗಬೇಡಿ. ನಕ್ಕವರನ್ನು ಅವಳು ಬೇಕಾದಷ್ಟು ಕಂಡಿದ್ದಾಳೆ. ಮೊದಮೊದಲು ತಾನೂ ಅವರ ಜೊತೆ ನಕ್ಕಿದ್ದಾಳೆ. ಜಾಹೀರಾತಿನ ಚಿತ್ರ ತೆಗೆಯುವ ಸ್ಟುಡಿಯೋದವರು ಅವಳನ್ನು ಕೈಯಮ್ಮ ಎಂದು ಕರೆಯತೊಡಗಿದಾಗ "ಇರಲಿ ಬಿಡಿ, ಕಾಲಮ್ಮ ಅನ್ನಲಿಲ್ಲವಲ್ಲ" ಎಂದವಳೂ ಅವಳೇ. ಆಗ ಅವಳ ಮಗಳು ಒಂದನೇ ಕ್ಲಾಸಿನಲ್ಲಿದ್ದಳು. ಈಗ ಆ ಮಗಳ ಮಗು ಅಂಬೆಗಾಲಿಡುತ್ತಿದೆ. ನಡುವಿನ ಅಷ್ಟೂ ಕಾಲ ಕೈಯಮ್ಮ ಒಂದು ಈರುಳ್ಳಿ ಹೆಚ್ಚಿಲ್ಲ, ಒಂದು ತಟ್ಟೆ ತೊಳೆದಿಲ್ಲ, ಮಗಳ ಬೆನ್ನಿಗೆ ಸಿಟ್ಟಿನಿಂದ ಒಂದು ಏಟನ್ನೂ ಕೊಟ್ಟಿಲ್ಲ. ಏಟು ಕೊಡಲಿಲ್ಲವೆಂದರೆ ಒಳ್ಳೆಯ ತಾಯಿ ಎಂದುಕೊಳ್ಳುತ್ತೀರಿ. ಅಂಗೈ ಕೆಂಪಾದರೆ ಮರುದಿನ ಚಿತ್ರ ಕೆಡುತ್ತದೆ, ವಿಷಯ ಅಷ್ಟೇ.

ಈ ಸಲ ಅವಳು ಗಟ್ಟಿ ಮನಸ್ಸು ಮಾಡಿದ್ದಳು. ಕಂಪನಿಯ ಜೊತೆಗಿನ ಒಪ್ಪಂದ ಈ ಸಲದ ಚಿತ್ರದೊಂದಿಗೆ ಮುಗಿಯುತ್ತಿತ್ತು. ಮಗಳ ರಜೆಯೂ ಮುಗಿಯುತ್ತಾ ಬಂದಿತ್ತು. ಮಗಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು, ಅಳಿಯ ಲಾರಿಯ ಮೇಲೆ ಊರೂರು ಸುತ್ತುವವನು. ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು. ಆ ಒಬ್ಬರು ತಾನಾಗಬೇಕು, ಈ ಕೈಗಳಿಂದ ಒಂದು ಮಗುವನ್ನಾದರೂ ಎತ್ತಿ ಆಡಿಸಬೇಕು ಎನ್ನುವುದು ಕೈಯಮ್ಮನ ಆಸೆ. ಬೇರೆ ಯಾವ ಆಸೆಯೂ ಅವಳಿಗೆ ಉಳಿದಿರಲಿಲ್ಲ.

"ಇದೇ ಕೊನೆ ರೀ. ಇನ್ನು ನಾನು ಸಹಿ ಹಾಕಲ್ಲ" ಎಂದು ಗಂಡನಿಗೆ ಹೇಳಿದ್ದಳು.

"ಆಯ್ತು, ನೋಡೋಣ" ಎಂದಿದ್ದ ಅವನು. ಅವನ ಬಾಯಲ್ಲಿ ಆ ಮಾತು ಬಂತೆಂದರೆ ಆಗುವುದಿಲ್ಲ ಎಂದೇ ಅರ್ಥ.

ಗಂಡನನ್ನು ಸ್ಟುಡಿಯೋದವರು ಮ್ಯಾನೇಜರ್ ಎನ್ನುತ್ತಾರೆ. ಹಿಂದೆ ಒಂದು ಮುದ್ರಣಾಲಯದಲ್ಲಿ ಕೆಲಸಕ್ಕಿದ್ದ. ಹೆಂಡತಿಯ ಕೈಗೆ ಬೆಲೆ ಬಂದ ಮೇಲೆ ಆ ಕೈಯನ್ನು ಕಾಯುವುದೇ ಅವನ ಕೆಲಸವಾಯಿತು. ಅವಳಿಗಾಗಿ ಬಾಗಿಲು ತೆಗೆಯುತ್ತಾನೆ, ಕಿತ್ತಳೆ ಸುಲಿಯುತ್ತಾನೆ, ಚಪ್ಪಲಿಯ ಪಟ್ಟಿ ಬಿಗಿಯುತ್ತಾನೆ. ಬಸ್ಸಿನಲ್ಲಿ ಅವಳು ಕಂಬಿ ಹಿಡಿಯಬಾರದೆಂದು ತಾನು ಅವಳ ಭುಜ ಹಿಡಿದು ನಿಲ್ಲುತ್ತಾನೆ. ನೋಡಿದವರು ಎಂಥ ಗಂಡ ಎಂದು ಹೊಟ್ಟೆ ಉರಿದುಕೊಳ್ಳುತ್ತಾರೆ. ಕೆಟ್ಟವನಲ್ಲ, ಖಂಡಿತ ಅಲ್ಲ. ಅವಳಿಗೆ ಅದೇ ತೊಂದರೆ. ಕೆಟ್ಟವನಾಗಿದ್ದರೆ ಎದುರು ನಿಂತು ಜಗಳವಾಡಬಹುದಿತ್ತು. ಕಿತ್ತಳೆ ಸುಲಿದು ಬಾಯಿಗಿಡುವವನ ಮೇಲೆ ಹರಿಹಾಯುವುದಕ್ಕೂ ಒಂದು ನೆಪ ಬೇಕಲ್ಲ!

ಇದೆಲ್ಲ ಶುರುವಾದದ್ದು ಗುಂಡಿ ಅಂಗಡಿಯಲ್ಲಿ. ಗುಂಡಿ, ದಾರ, ಲೇಸು ಮಾರುವ ಅಂಗಡಿಯೊಂದರಲ್ಲಿ ಅವಳಿಗೆ ಕೆಲಸವಿತ್ತು. ಗಾಜಿನ ಮೇಲೆ ಗುಂಡಿಗಳನ್ನು ಹರಡಿ, ಬೆರಳ ತುದಿಯಿಂದ ಒಂದೊಂದನ್ನೇ ಸರಿಸಿ ತೋರಿಸುತ್ತಿದ್ದಳು. ಒಂದು ದಿನ ಒಬ್ಬ ಹೆಂಗಸು ಬಂದು ಗುಂಡಿ ನೋಡುವುದನ್ನು ಬಿಟ್ಟು ಬೆರಳನ್ನೇ ನೋಡುತ್ತಾ ನಿಂತಳು. ಚಿತ್ರ ತೆಗೆಯುವ ಮುಂಚೆ ತಿಂಡಿತಿನಿಸನ್ನು ಅಣಿಗೊಳಿಸುವುದು ಆ ಹೆಂಗಸಿನ ಕಸುಬು. ಎಲ್ಲರ ಬಾಯಲ್ಲಿ ಅವಳು ಸಿಂಗಾರದಕ್ಕ.

"ನಾಳೆ ಒಂದು ದಿನ ನಿಮ್ಮ ಕೈ ಬೇಕಿತ್ತಲ್ಲ. ಕೊಡ್ತೀರಾ?" ಎಂದು ಕೇಳಿದಳು ಸಿಂಗಾರದಕ್ಕ.

"ಕೈ ಬಂದ್ರೆ ಅದರ ಹಿಂದೆ ನಾನೂ ಬರಬೇಕಾಗುತ್ತೆ" ಎಂದಳು ಇವಳು.

ಅಂಗಡಿಯವರೆಲ್ಲ ಗೊಳ್ಳೆಂದು ನಕ್ಕರು. ಆಮೇಲೆ ಕೈ ಮುಂದೆ ಹೋಯಿತು, ಇವಳು ಜೀವನವಿಡೀ ಅದರ ಹಿಂದೆಯೇ ಹೋಗಬೇಕಾಯಿತು.

ಮನೆಯ ರೀತಿನೀತಿ ಬದಲಾಯಿತು. ಮ್ಯಾನೇಜರನ ತಂಗಿ ಮದುವೆ ಬೇಡವೆಂದು ಅಣ್ಣನ ಮನೆಯಲ್ಲೇ ಇದ್ದಳು. ಅಡುಗೆಮನೆ ಪೂರ್ತಿ ಅವಳ ಕೈಗೆ ಹೋಯಿತು. "ಅತ್ತಿಗೆ, ನೀವು ಈ ಕಡೆ ತಲೆ ಹಾಕಬೇಡಿ. ಒಂದು ಹನಿ ಎಣ್ಣೆ ಸಿಡಿದ್ರೆ ನಿಮ್ಮ ಯಜಮಾನ್ರು, ಅಂದ್ರೆ ನಮ್ಮಣ್ಣ, ನನ್ನನ್ನೇ ಹುರಿದುಬಿಡ್ತಾನೆ" ಎಂದು ನಾದಿನಿ ತಮಾಷೆ ಮಾಡುತ್ತಿದ್ದಳು. ತಮಾಷೆಯೇನೋ ಸರಿ, ಬಾಗಿಲಿಗೆ ಅಡ್ಡವಾಗಿ ನಿಂತೇ ಮಾಡುತ್ತಿದ್ದಳು. ಕೈಯಮ್ಮನಿಗೆ ಬೆಳಗ್ಗೆ ಒಂದು ಕ್ರೀಮು, ಮಲಗುವಾಗ ಇನ್ನೊಂದು, ಅದರ ಮೇಲೆ ಬಿಳಿ ಹತ್ತಿಯ ಗ್ಲೌಸು. ಬಿಸಿಲಿಗೆ ಹೋದರೆ ಗ್ಲೌಸು, ಗಾಳಿ ಬೀಸಿದರೆ ಗ್ಲೌಸು. ಮಗಳ ಜಡೆ ಹೆಣೆದದ್ದು ಸೋದರತ್ತೆ, ಊಟ ಕಲಸಿಕೊಟ್ಟದ್ದು ಅತ್ತೆ, ಬಿದ್ದು ತರಚಿದ ಮಂಡಿಗೆ ಔಷಧಿ ಹಚ್ಚಿದ್ದು ಅತ್ತೆ. ಅಮ್ಮ ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು.

ಒಮ್ಮೆ ಮಗಳಿಗೆ ವಿಪರೀತ ಜ್ವರ. ಕೈಯಮ್ಮ ಹಣೆಯ ಮೇಲೆ ಕೈಯಿಟ್ಟಳು. "ಗ್ಲೌಸ್ ತೆಗಿ ಅಮ್ಮ" ಎಂದಿತು ಹುಡುಗಿ. ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್ "ಈಗ ತಾನೇ ಕ್ರೀಮ್ ಹಚ್ಚಿದೆ ಪುಟ್ಟ, ನಾಳೆ ಶೂಟಿಂಗ್ ಇದೆ" ಎಂದ. ಅವಳು ತೆಗೆಯಲಿಲ್ಲ. ತೆಗೆದಿದ್ದರೆ ಯಾರೂ ಅವಳ ಕೈ ಕಡಿಯುತ್ತಿರಲಿಲ್ಲ, ಆದರೂ ತೆಗೆಯಲಿಲ್ಲ. ಮಗಳು ದೊಡ್ಡವಳಾದ ಮೇಲೆ, ಬೇರೆ ಯಾವುದೋ ಮಾತಿಗೆ ಜಗಳ ಹತ್ತಿದಾಗ, "ಊರಿಗೆಲ್ಲ ಅಮ್ಮನ ಕೈ, ನನಗೆ ಗ್ಲೌಸು" ಎಂದುಬಿಟ್ಟಳು. ಆ ಮಾತು ಕೈಯಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಕೆಲಸ ಸುಲಭವೆಂದು ತಿಳಿಯಬೇಡಿ. ಸ್ಟುಡಿಯೋ ಎಂದರೆ ಹಿಂದೆ ರತ್ನಗಂಬಳಿಗಳ ಗೋದಾಮಾಗಿದ್ದ ಕಟ್ಟಡ. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ, ನೆಲದ ಮೇಲೆ ಹಾವಿನ ಹಾಗೆ ವೈರುಗಳು. ನಟ್ಟನಡುವೆ ಎರಡು ಗೋಡೆಯ ಅಡುಗೆಮನೆ. ಅದರ ನಲ್ಲಿಯಲ್ಲಿ ನೀರಿಲ್ಲ, ಒಲೆಯಲ್ಲಿ ಬೆಂಕಿಯಿಲ್ಲ, ಕಿಟಕಿಯಾಚೆಗಿನ ಬಿಸಿಲು ಒಂದು ದೀಪ. ಪಾತ್ರೆಯೊಳಗಿನ ಸೂಪು ತಣ್ಣಗೆ ಕೊರೆಯುತ್ತಿರುತ್ತದೆ. ತರಕಾರಿ ಮುಳುಗಬಾರದೆಂದು ತಳದಲ್ಲಿ ಗಾಜಿನ ಗೋಲಿಗಳನ್ನು ತುಂಬಿರುತ್ತಾರೆ. ಸಿಂಗಾರದಕ್ಕ ಚಿಮಟದಲ್ಲಿ ಒಂದೊಂದೇ ಬಟಾಣಿ ಎತ್ತಿ ಜೋಡಿಸುತ್ತಾಳೆ. ಹಬೆ ಬರುವುದು ಪಾತ್ರೆಯ ಹಿಂದೆ ಬಚ್ಚಿಟ್ಟ ಒಂದು ಸಣ್ಣ ಯಂತ್ರದಿಂದ, ಅದೂ ಕೈಯಿಂದ ದೂರಕ್ಕೆ. ಕೈಯಮ್ಮ ಒಲೆಯ ಮುಂದೆ ನಿಂತಿರುತ್ತಾಳೆ ಎಂದುಕೊಂಡಿದ್ದೀರಾ? ಇಲ್ಲ. ಮೇಜಿನ ಪಕ್ಕದಲ್ಲಿ ಗಿಡ್ಡ ಸ್ಟೂಲಿನ ಮೇಲೆ ಮುದುರಿಕೊಂಡು, ಮೊಣಕೈ ಕೆಳಗೆ ಮರಳಿನ ಚೀಲ ಇಟ್ಟುಕೊಂಡು, ಉಡುಪಿನ ತೋಳನ್ನು ಮೇಜಿನ ಬಟ್ಟೆಗೆ ಪಿನ್ನಿನಿಂದ ಸಿಕ್ಕಿಸಿಕೊಂಡು, ಮುಖವನ್ನು ಫೋಟೋಗ್ರಾಫರನ ಕಂಕುಳ ಕಡೆ ತಿರುಗಿಸಿ ಕುಳಿತಿರುತ್ತಾಳೆ. ಊರಿಗೆಲ್ಲ ವಾತ್ಸಲ್ಯ ಹಂಚುವ ಆ ಕೈಯ ಒಡತಿಗೆ ಕಾಣುವುದು ಅವನ ಅಂಗಿಯ ಬೆವರಿನ ಕಲೆ.

"ಹಿಡೀರಿ" ಎನ್ನುತ್ತಾನೆ ಫೋಟೋಗ್ರಾಫರ್. ಆಗ ಮುಚ್ಚಳ ಎತ್ತಿ, ಒಳಗಿನದು ಕ್ಯಾಮೆರಾಕ್ಕೆ ಕಾಣುವಂತೆ ಓರೆ ಮಾಡಿ, ಮಣಿಕಟ್ಟು ಕೆಳಗೆ ತಂದು, ಕಲ್ಲಾಗಬೇಕು. "ಬಿಡಿ" ಎನ್ನುವ ತನಕ ಅಷ್ಟೇ. ಒಮ್ಮೆ ಒಂದು ಕೆಂಜಿಗ ತೋಳಿನ ಮೇಲೆ ಹತ್ತಿ ಬಂದು ಮಣಿಕಟ್ಟಿನ ಒಳಮೈಗೆ ಕಚ್ಚಿ ಹಿಡಿಯಿತು. ಸಿಂಗಾರದಕ್ಕ ಬೆಳಗಿನಿಂದ ಜೋಡಿಸಿದ್ದ ಬಟಾಣಿಗಳು ಅಲುಗಿದರೆ ದಿನವೇ ಹಾಳು. ಕೈಯಮ್ಮ ಅಲುಗಲಿಲ್ಲ. "ಬಿಡಿ" ಎಂದ ಮೇಲೆ ಇರುವೆಯನ್ನು ಕಂಡ ಫೋಟೋಗ್ರಾಫರ್ ಕೈಮುಗಿದು "ಅಮ್ಮಾ, ನೀವು ಮನುಷ್ಯರಲ್ಲ" ಎಂದ. ಅವಳಿಗೆ ಆಗ ಹೆಮ್ಮೆಯಾಯಿತು.

ಆ ಕೊನೆಯ ಶೂಟಿಂಗಿಗೆ ಕಂಪನಿಯ ಮೇಡಂ ಬಂದಿದ್ದಳು. ಕೈಯಮ್ಮನ ಮಗಳಿಗಿಂತ ತುಸು ದೊಡ್ಡವಳು ಅಷ್ಟೇ. ಪರದೆಯ ಮೇಲೆ ಚಿತ್ರವನ್ನು ದೊಡ್ಡದು ಮಾಡಿ ನೋಡಿ ಮೂಗು ಮುರಿದಳು.

"ನರ ಕಾಣ್ತಿದೆ ಅಲ್ವಾ?"

"ಕೈ ಸ್ವಲ್ಪ ಹೊತ್ತು ಮೇಲೆ ಎತ್ತಿಟ್ಟರೆ ರಕ್ತ ಇಳಿಯುತ್ತೆ ಮೇಡಂ" ಎಂದ ಮ್ಯಾನೇಜರ್. ಕೈಯಮ್ಮ ತಪ್ಪು ಮಾಡಿದ ಶಾಲೆಯ ಹುಡುಗಿಯ ಹಾಗೆ ಗೋಡೆಗೆ ಒರಗಿ ಕೈ ಮೇಲೆತ್ತಿ ನಿಂತಳು. ಮತ್ತೆ ಹಿಡಿದರು. ಮತ್ತೆ ನೋಡಿದರು. ನರ ಅಲ್ಲೇ ಇತ್ತು.

"ಬೇಜಾರು ಮಾಡ್ಕೋಬೇಡಿ ಅಮ್ಮ. ಇದು ಅಜ್ಜಿ ಕೈ ಆಗಿಬಿಟ್ಟಿದೆ. ಮುಂದಿನ ಸಲಕ್ಕೆ ಬೇರೆಯವರನ್ನ ನೋಡ್ತೀವಿ" ಎಂದಳು ಮೇಡಂ.

ಮ್ಯಾನೇಜರನ ಮುಖ ಸುಣ್ಣವಾಯಿತು. ಕೈಯಮ್ಮನ ಒಳಗೆ ಮಾತ್ರ ಯಾರೋ ಕಿಟಕಿಗಳ ಕಪ್ಪು ಬಟ್ಟೆಯನ್ನೆಲ್ಲ ಕಿತ್ತು ಹಾಕಿದಂತಾಯಿತು. ಅಜ್ಜಿ ಕೈ! ಅಜ್ಜಿಯೇ ಅಲ್ಲವೇ ತಾನು? ತಾನು ಮಾಡಬೇಕೆಂದಿದ್ದ ಜಗಳವನ್ನು ಆ ಹುಡುಗಿ ಒಂದೇ ಮಾತಿನಲ್ಲಿ ಮುಗಿಸಿಕೊಟ್ಟಿದ್ದಳು. ಹೊರಗೆ ಬಂದು ಬೀದಿಬದಿಯ ಅಂಗಡಿಯಲ್ಲಿ ಚಹಾ ಕೇಳಿದಳು. ಗಂಡ ಅಭ್ಯಾಸಬಲದಿಂದ ಲೋಟಕ್ಕೆ ಕೈ ಚಾಚಿದ. "ಕೊಡಿ ಇಲ್ಲಿ" ಎಂದು ಅವಳೇ ಸುಡುವ ಲೋಟ ಹಿಡಿದು, ಬಾಯಿ ಸುಟ್ಟುಕೊಂಡು, ನಕ್ಕಳು. ಗಂಡ ನಗಲಿಲ್ಲ.

ಮರುವಾರವೇ ಮಗಳ ಮನೆಗೆ ಹೊರಟಳು. ಗ್ಲೌಸುಗಳನ್ನು ಮೂಟೆ ಕಟ್ಟಿ ನಾದಿನಿಗೆ ಕೊಟ್ಟು, "ಕಿಟಕಿ ಒರೆಸೋಕೆ ಬರುತ್ತೆ" ಎಂದಳು. ನಾದಿನಿ ಅದನ್ನು ಎದೆಗವಚಿಕೊಂಡು ಯಾಕೋ ಅತ್ತಳು.

ಮಗಳ ಮನೆ ಮೂರನೇ ಮಹಡಿಯಲ್ಲಿ, ಒಂದು ಕೋಣೆ, ಒಂದು ಹಜಾರ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ. ಮಗಳು ಬಾಗಿಲು ತೆಗೆದು ಮೊದಲು ನೋಡಿದ್ದು ತಾಯಿಯ ಕೈಗಳನ್ನು.

"ನಿಜವಾಗ್ಲೂ ಬಿಟ್ಟುಬಂದ್ಯಾ?"

"ಅವರೇ ಬಿಟ್ಟರು. ಇನ್ನು ನಿನ್ನವೇ ಇವು."

ಮಗಳು ಮಗುವನ್ನು ಅವಳ ತೋಳಿಗೆ ಹಾಕಿದಳು.

ಕೆಲವು ದಿನ ಕೈಯಮ್ಮ ಸುಖದಲ್ಲಿ ಮುಳುಗಿಹೋದಳು. ಮಗುವಿಗೆ ಸ್ನಾನ ಮಾಡಿಸಿದಳು, ಒದ್ದೆ ಬಟ್ಟೆ ಹಿಂಡಿದಳು, ನೆಲ ಒರೆಸಿದಳು. ಮಗು ಅವಳ ಬೆರಳನ್ನು ಬಾಯಿಗೆ ಹಾಕಿಕೊಂಡು ಹೊಸ ಹಲ್ಲಿನಿಂದ ಕಚ್ಚುತ್ತಿತ್ತು. ಸೋಪಿನ ನೀರಿಗೆ ಬೆರಳ ಸಂದು ಬಿರಿದಾಗ ಅವಳು ಅದನ್ನು ಬೆಳಕಿಗೆ ಹಿಡಿದು, ಹೊಸ ಉಂಗುರ ನೋಡುವವರ ಹಾಗೆ ನೋಡಿದಳು. ಮಗಳ ಮಾತು ಇನ್ನೂ ಬಿಗಿಯಾಗಿಯೇ ಇತ್ತು. ಆದರೂ ಒಂದು ಸಂಜೆ ತಲೆಗೆ ಎಣ್ಣೆ ಹಚ್ಚು ಎಂದು ಬಂದು ಮುಂದೆ ಕುಳಿತಳು. ಕೈಯಮ್ಮನಿಗೆ ಹಚ್ಚುವ ರೀತಿ ತಿಳಿಯದೆ ಎಣ್ಣೆ ಕುತ್ತಿಗೆಗೆಲ್ಲ ಇಳಿಯಿತು. ಇಬ್ಬರೂ ನಕ್ಕರು.

ಮಗಳು ಕೆಲಸಕ್ಕೆ ಮರಳುವ ಹಿಂದಿನ ದಿನ ಕೈಯಮ್ಮ ಹೇಳಿದಳು: "ಇವತ್ತು ಅಡುಗೆ ನಂದು. ನೀನು ಹಾಯಾಗಿ ಮಲಗು."

ನಾದಿನಿಗೆ ಫೋನು ಮಾಡಿ, ಎಷ್ಟು ನೀರು, ಎಷ್ಟು ಉಪ್ಪು ಎಂದು ಕೇಳಿಕೊಂಡಳು. ತರಕಾರಿ ಹೆಚ್ಚುವುದರಲ್ಲೇ ಅರ್ಧ ಬೆಳಗು ಕಳೆಯಿತು. ತುಂಡುಗಳು ಒಂದು ಆನೆಯಷ್ಟಿದ್ದರೆ ಇನ್ನೊಂದು ಇಲಿಯಷ್ಟು. ಪಾತ್ರೆಯನ್ನು ಒಲೆಗೇರಿಸಿ ಮುಚ್ಚಳ ಮುಚ್ಚಿದಳು. ಮಗು ತೆವಳಿಕೊಂಡು ಬಂದು ಅವಳ ಕಾಲಿನ ಬಳಿ ಕುಳಿತು ಬಟ್ಟೆಯ ಅಂಚನ್ನು ಎಳೆಯುತ್ತಿತ್ತು. ಪಾತ್ರೆ ಕೊತಕೊತ ಕುದಿಯಿತು. ಬೆಂದಿದೆಯೇ ನೋಡೋಣವೆಂದು ಅವಳು ಮುಚ್ಚಳ ಎತ್ತಿದಳು.

ನೀವಾಗಲಿ ನಾನಾಗಲಿ ಮುಚ್ಚಳ ಎತ್ತಿದರೆ ಆಚೆಗೆ ಓರೆ ಮಾಡಿ, ಹಬೆಯನ್ನು ದೂರಕ್ಕೆ ಬಿಟ್ಟು, ಕೈ ಎಳೆದುಕೊಳ್ಳುತ್ತೇವೆ. ಯಾರೂ ಕಲಿಸಬೇಕಾಗಿಲ್ಲ. ಕೈಯಮ್ಮ ಎತ್ತಿದ್ದು ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ. ಒಳಗಿನದು ಎದುರಿನ ಗೋಡೆಗೆ ಕಾಣುವಂತೆ ಓರೆ ಮಾಡಿ, ಮಣಿಕಟ್ಟು ಕೆಳಗೆ, ಪಾತ್ರೆಯ ಬಾಯಿಯ ಮೇಲಕ್ಕೇ ತಂದು, ಹಿಡಿದಳು. ಹಬೆಯೆಲ್ಲ ನೇರ ಅವಳ ಕೈ ಮೇಲೆ ಬಂತು. ಉರಿ ಗೊತ್ತಾಗಲಿಲ್ಲವೆಂದಲ್ಲ. ಗೊತ್ತಾಯಿತು, ಕಣ್ಣಲ್ಲಿ ನೀರೂ ಬಂತು. ಆದರೆ ಕೈ ಇರುವೆಗೆ, ದೀಪದ ಕಾವಿಗೆ, ಜೋಮಿಗೆ, ಎಲ್ಲಕ್ಕೂ ಒಂದೇ ಉತ್ತರ ಕಲಿತಿತ್ತು. ಅದು ಕಲ್ಲಾಗಿ ನಿಂತು, ಯಾರಾದರೂ "ಬಿಡಿ" ಎನ್ನಲೆಂದು ಕಾಯುತ್ತಿತ್ತು. ಮುಚ್ಚಳದ ಅಂಚಿನಿಂದ ಕುದಿನೀರು ತೊಟ್ಟಿಕ್ಕಿ ಕೆಳಗೆ, ಮಗುವಿನ ಕಾಲಿನ ಪಕ್ಕದ ನೆಲದ ಮೇಲೆ ಬೀಳುತ್ತಿತ್ತು.

"ಅಮ್ಮಾ!" ಎಂದು ಮಗಳು ಚೀರಿದಳು. ಒಂದು ಕೈಯಲ್ಲಿ ಮಗುವನ್ನು ಬಾಚಿಕೊಂಡು ಇನ್ನೊಂದರಿಂದ ತಾಯಿಯನ್ನು ಎಳೆದಳು. ಮುಚ್ಚಳ ನೆಲಕ್ಕೆ ಬಿದ್ದು ಸದ್ದು ಮಾಡಿತು.

ಮಗುವಿಗೆ ಏನೂ ಆಗಿರಲಿಲ್ಲ. ಕೈಯಮ್ಮನ ಮಣಿಕಟ್ಟಿನಿಂದ ಹೆಬ್ಬೆರಳ ಬುಡದವರೆಗೆ ಬೊಬ್ಬೆ ಎದ್ದಿತ್ತು. ಡಾಕ್ಟರು ಮುಲಾಮು ಹಚ್ಚಿ ಪಟ್ಟಿ ಕಟ್ಟಿದರು. ಮಗು ಮಲಗಿದ ಮೇಲೆ ಮಗಳು ಬಂದು ತಾಯಿಯ ಪಕ್ಕ ಕುಳಿತಳು.

"ಅಮ್ಮ, ನಾನು ಬಾಗಿಲಲ್ಲೇ ಇದ್ದೆ. ನೀನು ಮುಚ್ಚಳ ಎತ್ತಿದಾಗಿಂದ ನೋಡ್ತಿದ್ದೆ. ಈಗ ಬಿಡ್ತಾಳೆ, ಈಗ ಬಿಡ್ತಾಳೆ ಅಂದ್ಕೊಂಡೆ. ನೀನು ಬಿಡಲೇ ಇಲ್ಲ."

"ಅದು ಅಭ್ಯಾಸ ಕಣೇ. ಇನ್ನೊಂದ್ಸಲ ಹಾಗಾಗಲ್ಲ."

"ಮಗು ಕೆಳಗಿತ್ತು."

ಕೈಯಮ್ಮ ಸಡಿಲಾದ ಪಟ್ಟಿಯ ತುದಿಯನ್ನು ಎಡಗೈಯಿಂದ ಒಳಗೆ ಸಿಕ್ಕಿಸಿದಳು.

"ಕೋಪ ಅಲ್ಲ ಅಮ್ಮ, ಆಣೆಗೂ ಅಲ್ಲ. ಭಯ. ನಾನು ಅಂಗಡಿಯಲ್ಲಿ ಯಾರದೋ ಕಣ್ಣು ನೋಡ್ತಾ ಇರ್ತೀನಿ, ಇಲ್ಲಿ ನೀನು ಮಗುನ ಎತ್ಕೊಂಡು ಹಾಗೆ ನಿಂತುಬಿಟ್ರೆ? ಕೆಳಗಿನ ಮನೆಯಾಕೆ ಮಕ್ಕಳನ್ನ ನೋಡ್ಕೋತಾರಂತೆ. ಸದ್ಯಕ್ಕೆ ಅಲ್ಲೇ ಬಿಡ್ತೀನಿ. ನೀನು ಮನೆಗೆ ಹೋಗಿ ಕೈ ವಾಸಿ ಮಾಡ್ಕೋ."

ಸದ್ಯಕ್ಕೆ ಎಂದಳು. ಕೈಯಮ್ಮನಿಗೆ ಕೇಳಿಸಿದ್ದು ಇನ್ನೆಂದಿಗೂ ಎಂದು. ಮಗಳು ತಪ್ಪು ಹೇಳಿದಳೆಂದು ದೂರುವ ಹಾಗೂ ಇರಲಿಲ್ಲ, ಅದೇ ಅವಳನ್ನು ಹಿಂಡಿಹಾಕಿತು. ಮರುದಿನ ಬಸ್ಸಿನಲ್ಲಿ ಎಡಗೈಯಲ್ಲಿ ಕಂಬಿ ಹಿಡಿದು, ಯಾರ ಆಸರೆಯೂ ಇಲ್ಲದೆ ನಿಂತುಕೊಂಡೇ ಮನೆಗೆ ಬಂದಳು.

ಮ್ಯಾನೇಜರ್ ಪಟ್ಟಿ ನೋಡಿ ತಲೆಯ ಮೇಲೆ ಕೈ ಹೊತ್ತು ಕುಳಿತ. ಗಾಯ ಒಣಗಿ ಪಟ್ಟಿ ಬಿಚ್ಚಿದ ದಿನ, ಅದರ ಫೋಟೋ ತೆಗೆದು ಸಿಂಗಾರದಕ್ಕನಿಗೆ ಕಳಿಸಿದ, ನೋಡಿ ನಮ್ಮ ಗತಿ ಎಂದು. ಸಿಂಗಾರದಕ್ಕ ಅದನ್ನು ಕಂಪನಿಯ ಮೇಡಂಗೆ ತೋರಿಸಿದಳು. ಎರಡನೆಯ ದಿನ ಮೇಡಂ ಖುದ್ದಾಗಿ ಮನೆಗೇ ಬಂದಳು.

ಕೈಯಮ್ಮನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಎತ್ತಿಕೊಂಡು, ಗುಲಾಬಿ ಬಣ್ಣದ ಆ ಕಲೆಯ ಮೇಲೆ ಬೆರಳಾಡಿಸಿದಳು. "ಯಾರಿಗೆ ಅಡುಗೆ ಮಾಡುವಾಗ ಆಗಿದ್ದು ಅಮ್ಮ?"

"ಮಗಳಿಗೆ."

"ನೋಡಿ, ನಾವು ಇಷ್ಟು ವರ್ಷ ಹುಡುಕ್ತಿದ್ದದ್ದು ಇದೇ! ಆ ನುಣುಪು ಕೈ ಈಗ ಯಾರಿಗೆ ಬೇಕು? ಇದು ಮಕ್ಕಳಿಗೋಸ್ಕರ ಸುಟ್ಟುಕೊಂಡ ಕೈ. ಈ ಕಲೆ, ಈ ನರ, ಎಲ್ಲಾ ಇರಲಿ. ಹೊಸ ಪೊಟ್ಟಣದ ಮೇಲೆ ಇದೇ ಬರಬೇಕು." ಹೇಳುತ್ತಾ ಹೇಳುತ್ತಾ ಮೇಡಂ ಕಣ್ಣು ಒರೆಸಿಕೊಂಡಳು. ಅದು ನಾಟಕವಲ್ಲ. ಅವಳಿಗೂ ಎಲ್ಲೋ ಒಬ್ಬ ತಾಯಿ ಇರಬೇಕು.

ಸಹಿ ಹಾಕಿದ್ದು ಕೈಯಮ್ಮನೇ. ಯಾರೂ ಕೈ ಹಿಡಿದು ಹಾಕಿಸಲಿಲ್ಲ. ಮಗಳಿಗೆ ಬೇಡವಾದ ಕೈ ಇನ್ನೊಬ್ಬರಿಗೆ ಬೇಕಾಯಿತಲ್ಲ ಎಂಬ ಒಂದು ಹಾಳು ಸಮಾಧಾನ ಆ ಗಳಿಗೆಯಲ್ಲಿ ಅವಳನ್ನು ಗೆದ್ದಿತು. ಈ ಸಲದ ಒಪ್ಪಂದ ಹಿಂದಿನವಕ್ಕಿಂತ ಉದ್ದ, ಬಿಗಿ. ನಡುವೆ ಬಿಡುವ ಹಾಗಿಲ್ಲ. ಹೊಸ ಗಾಯವಾಗುವಂಥ ಯಾವ ಕೆಲಸವನ್ನೂ ಮಾಡುವ ಹಾಗಿಲ್ಲ. "ಮಗುನ ಎತ್ಕೋಬಹುದಾ?" ಎಂದು ಅವಳು ಕೇಳಿದಳು. ಮೇಡಂ ಮ್ಯಾನೇಜರನ ಮುಖ ನೋಡಿದಳು. "ಮಗುವಿನ ಉಗುರು ಚೂಪು" ಎಂದ ಮ್ಯಾನೇಜರ್, ಮೆಲ್ಲಗೆ.

ಗ್ಲೌಸುಗಳಲ್ಲಿ ಒಂದನ್ನೂ ನಾದಿನಿ ಕಿಟಕಿ ಒರೆಸಲು ಬಳಸಿರಲಿಲ್ಲ.

ಆದರೆ ಚರ್ಮಕ್ಕೆ ಒಪ್ಪಂದ ಎಲ್ಲಿ ಗೊತ್ತು? ಅಷ್ಟು ಕ್ರೀಮು, ಅಷ್ಟು ಆರೈಕೆ ತಿಂದ ಕೈ, ಕಲೆಯನ್ನು ದಿನದಿಂದ ದಿನಕ್ಕೆ ಅಳಿಸಿಹಾಕತೊಡಗಿತು. ಶೂಟಿಂಗಿನ ಹೊತ್ತಿಗೆ ಒಂದು ಮಾಸಲು ನೆರಳು ಉಳಿದಿತ್ತು. ಮೇಡಂ ಗಾಬರಿಯಾದಳು. ಮೇಕಪ್ಪಿನವಳನ್ನು ಕರೆಸಿ, ಮೊದಲ ಫೋಟೋ ಮುಂದಿಟ್ಟುಕೊಂಡು, ಸಣ್ಣ ಕುಂಚದಲ್ಲಿ ಕಲೆಯನ್ನು ಬರೆಸಿದರು. ಗುಲಾಬಿ, ಅದರ ಮೇಲೆ ತುಸು ಕಂದು, ಅಂಚಿಗೆ ಬಿಳಿ. "ನೋವಾಗ್ತಿದೆಯಾ ಅಮ್ಮ?" ಎಂದು ಕೇಳಿದಳು ಮೇಕಪ್ಪಿನವಳು, ಕೆಲಸದಲ್ಲಿ ಮೈಮರೆತು. "ಇಲ್ಲ, ನೀನು ಬರಿ" ಎಂದಳು ಕೈಯಮ್ಮ.

ಸ್ಟೂಲು, ಮರಳಿನ ಚೀಲ, ತೋಳಿಗೆ ಪಿನ್ನು. ಈ ಸಲ ಬೆಳ್ಳನೆಯ ಬಟ್ಟಲು, ಅದರಲ್ಲಿ ಸೂಪು, ಬಟ್ಟಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮಕ್ಕಳ ಮುಂದೆ ಇಡುತ್ತಿರುವಂತೆ. ಎದುರಿಗೆ ಮಕ್ಕಳು ಯಾರೂ ಇರಲಿಲ್ಲ. ಸಿಂಗಾರದಕ್ಕ ಉಸಿರು ಬಿಗಿಹಿಡಿದು ಸೊಪ್ಪಿನ ಒಂದು ಎಲೆಯನ್ನು ಸೂಪಿನ ಮೇಲೆ ತೇಲಿಬಿಟ್ಟಳು. ಎಲ್ಲರಿಗೂ ಬೇಕಿದ್ದ ಅದೇ ಎಲೆ, ಬೇಕಿದ್ದ ಅದೇ ಜಾಗ.

"ಹಿಡೀರಿ."

ಆಗ ಮ್ಯಾನೇಜರನ ಜೇಬಿನಲ್ಲಿದ್ದ ಕೈಯಮ್ಮನ ಫೋನು ಬಡಿದುಕೊಂಡಿತು. ಅವನು ನೋಡಿ, "ಮಗಳು" ಎಂದ.

"ಕಿವಿಗೆ ಹಿಡೀರಿ" ಎಂದಳು ಕೈಯಮ್ಮ, ತುಟಿ ಮಾತ್ರ ಅಲುಗಿಸಿ. ಫೋಟೋಗ್ರಾಫರ್ ಕ್ಯಾಮೆರಾದಿಂದ ಕಣ್ಣು ತೆಗೆಯದೆ, "ಮಾತಾಡಿ ಪರವಾಗಿಲ್ಲ, ಮುಖ ಬರಲ್ಲ" ಎಂದ.

"ಅಮ್ಮ" ಎಂದಿತು ಮಗಳ ದನಿ. ಆ ದನಿಯಲ್ಲಿ ಬಿಗಿ ಇರಲಿಲ್ಲ. "ಕೆಳಗಿನ ಮನೆಯವರು ಮನೆ ಖಾಲಿ ಮಾಡ್ತಿದಾರೆ. ಅದಕ್ಕೆ ಅಂತ ಅಲ್ಲ. ನಾನೂ ಯೋಚನೆ ಮಾಡ್ದೆ. ನಿನ್ನನ್ನ ಹಾಗೆ ಕಳಿಸಬಾರದಿತ್ತು. ನೀನು ಬೇಕು ಅಂತ ಮಾಡಿದ್ದಲ್ಲ ಅಲ್ವಾ. ನೀನು ಬಂದುಬಿಡು. ಒಂದು ತಿಂಗಳು ರಜೆ ಹಾಕ್ತೀನಿ, ಜೊತೆಗಿದ್ದು ಒಂದೊಂದೇ ಕಲಿಸ್ತೀನಿ. ಒಲೆ ಹಚ್ಚೋದು, ಮುಚ್ಚಳ ತೆಗೆಯೋದು, ಎಲ್ಲಾ. ನಾಳೇನೇ ಬಾ."

ಫೋನು ಹಿಡಿದಿದ್ದ ಮ್ಯಾನೇಜರನಿಗೂ ಅಷ್ಟೂ ಕೇಳಿಸಿತ್ತು. ಅವನು ನೆಲ ನೋಡುತ್ತಾ ನಿಂತ.

"ಅಮ್ಮ? ಕೇಳಿಸ್ತಿದೆಯಾ?"

"ಸಹಿ ಹಾಕಿಬಿಟ್ಟೆ ಮಗಳೇ."

ಆಚೆ, ಮಗಳ ಹಿಂದಿನಿಂದ ಮಗು ಏನೋ ಒಂದನ್ನು ನೆಲಕ್ಕೆ ಬಡಿಯುತ್ತಿರುವ ಸದ್ದು ಬಂತು. "ಎಷ್ಟು ವರ್ಷಕ್ಕೆ?" ಎಂದಳು ಮಗಳು.

"ಮಗು ಸ್ಕೂಲಿಗೆ ಹೋಗೋ ತನಕ."

"ಆಯ್ತು ಅಮ್ಮ" ಎಂದಳು ಮಗಳು. ಮತ್ತೆ ಇನ್ನೊಮ್ಮೆ, "ಆಯ್ತು" ಎಂದಳು. ಫೋನು ಇಟ್ಟ ಸದ್ದು ಕೇಳಿಸಿತು.

ಬೆರಳುಗಳು ಬಟ್ಟಲಿನ ಅಂಚಿನ ಮೇಲೆ ಇಟ್ಟಲ್ಲೇ ಇದ್ದವು. ಎಲೆ ತೇಲಿಬಿಟ್ಟಲ್ಲೇ ಇತ್ತು. ಮೇಡಂ ಪರದೆಯ ಮುಂದೆ ನಿಂತು, ತುಂಬಾ ಚೆನ್ನಾಗಿ ಬರ್ತಿದೆ, ಎಂಥಾ ಪ್ರೀತಿ ಇದೆ ನೋಡಿ ಆ ಕೈಯಲ್ಲಿ ಎಂದು ಪಿಸುಗುಟ್ಟುತ್ತಿದ್ದಳು. ಕೈಯಮ್ಮನ ಕಣ್ಣು ತುಂಬಿ ನೀರು ಕೆನ್ನೆಗೆ ಹರಿಯಿತು, ಗದ್ದದ ತುದಿಗೆ ಬಂದು ನಿಂತಿತು. ಅದು ಸೂಪಿಗೆ ಬೀಳದ ಹಾಗೆ ಅವಳು ಕತ್ತನ್ನಷ್ಟೇ ಹಿಂದಕ್ಕೆಳೆದುಕೊಂಡಳು.